ಮಾವಿನ ಮರ ಏರಿದ ಬಂದಳಿಕೆ



ಮಾಯಾಲೋಕದ ಕಥೆಗಳಲ್ಲಿ ಎಂಥೆಂಥ ಗಿಡಗಳು ಬರುತ್ತವೆ! ಒಂದು ಬಳ್ಳಿ ದಾರಿಹೋಕರ ಕಾಲಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು ಗಿಡ ರಾಜಕುಮಾರನ ಮೈಗೇ ಬೇರು ಇಳಿಸಿ ರಕ್ತ ಹೀರುತ್ತದೆ. ಮನುಷ್ಯರ ರಕ್ತ ಹೀರುವ ಗಿಡ ಕಥೆಯಲ್ಲಿ ಮಾತ್ರ ಉಂಟು. ಆದರೆ ಮರದ ಸಾರ ಹೀರುವ ಗಿಡ ನಿಮ್ಮ ಹಿತ್ತಿಲಿನ ಮಾವಿನ ಮರದಲ್ಲೇ ಇದ್ದೀತು. ಅದೇ ಬಂದಳಿಕೆ. ಬದನಿಕೆ ಎಂದೂ ಕರೆಯುತ್ತಾರೆ.

ಮಾವು, ಬೇವು, ಹೊಂಗೆ ಮರಗಳನ್ನು ತಲೆಯೆತ್ತಿ ನೋಡಿ. ಕೊಂಬೆಯ ಮೇಲೆ ಬೇರೆಯೇ ಬಗೆಯ, ದಪ್ಪ ಎಲೆಗಳ ಪೊದೆ ಕಾಣುತ್ತಿದೆಯೇ? ಕಿತ್ತಳೆ ಬಣ್ಣದ ಉದ್ದನೆಯ ಕೊಳವೆಯಂಥ ಹೂಗಳಿವೆಯೇ? ಕೊಂಬೆಗೆ ಅದು ಅಂಟಿದ ಜಾಗ ಗಂಟಿನಂತೆ ಉಬ್ಬಿದೆಯೇ? ಹಾಗಿದ್ದರೆ ಅದು ಬಂದಳಿಕೆ.

ಇದು ಮರ ಏರುವುದು ಹೇಗೆ? ಹೆಬ್ಬೆರಳಿನಷ್ಟೇ ಇರುವ ಒಂದು ಹಕ್ಕಿಯ ಸಹಾಯದಿಂದ. ಅದರ ಹೆಸರೂ ಬದನಿಕೆ ಹಕ್ಕಿ! ಅದು ಬಂದಳಿಕೆಯ ಹಣ್ಣನ್ನು ನುಂಗುತ್ತದೆ. ಕೆಲವೇ ನಿಮಿಷಗಳಲ್ಲಿ ಬೀಜ ಹಿಕ್ಕೆಯ ಜೊತೆ ಹೊರಬರುತ್ತದೆ. ಆದರೆ ಬೀಜದ ಸುತ್ತ ಗೋಂದಿನಂಥ ಅಂಟು. ಬಿಡಿಸಿಕೊಳ್ಳಲು ಹಕ್ಕಿ ಕೊಂಬೆಗೆ ಮೈ ಉಜ್ಜುತ್ತದೆ, ಬೀಜ ಅಲ್ಲೇ ಅಂಟುತ್ತದೆ. ಹಕ್ಕಿಶಾಸ್ತ್ರಜ್ಞ ಸಲೀಂ ಅಲಿ ಅವರು ಕೊಂಕಣದಲ್ಲಿ ಈ ಹಕ್ಕಿ–ಗಿಡದ ಸಂಬಂಧವನ್ನು ಗಮನಿಸಿ 1931ರಲ್ಲೇ ಬರೆದಿದ್ದರು.

ಮಣ್ಣಿಗೆ ಬಿದ್ದರೆ ಈ ಬೀಜ ಬದುಕದು. ಕೊಂಬೆಗೆ ಅಂಟಿದರೆ ಮೊಳೆತು, ತೊಗಟೆಯನ್ನು ತೂರಿ ಒಳಗೆ ಹೀರುಬೇರು ಇಳಿಸುತ್ತದೆ. ಬಂದಳಿಕೆಗೂ ಹಸಿರೆಲೆ ಇದೆ, ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳಬಲ್ಲದು. ನೀರು ಮತ್ತು ಲವಣ ಮಾತ್ರ ಮರದಿಂದ ಬೇಕು. ಬೇಸಿಗೆಯಲ್ಲಿ ಮರ ಬಾಯಾರಿ ನಿಂತಾಗಲೂ ಅದು ಹೀರುವುದನ್ನು ಬಿಡದು. ಹಾಗಾಗಿ ಅದರಾಚೆಗಿನ ಕೊಂಬೆ ಸೊರಗಿ ಒಣಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ಪೊದೆಗಳು ಹತ್ತಾರಾದರೆ ಅಜ್ಜ ನೆಟ್ಟ ಮರವೇ ಸಾಯಬಹುದು. ಮರ ಸತ್ತರೆ ಬಂದಳಿಕೆಯೂ ಉಳಿಯದು!

ಉಪಾಯವೇನು? ಎಲೆ ತರಿದರೆ ಸಾಲದು, ಮತ್ತೆ ಚಿಗುರುತ್ತದೆ. ಹಣ್ಣಾಗುವ ಮೊದಲೇ, ಗಂಟಿಗಿಂತ ಕೆಳಗೆ, ಕೊಂಬೆಯನ್ನೇ ಕತ್ತರಿಸಬೇಕು. ಇದು ದೊಡ್ಡವರ ಕೆಲಸ, ನೀವು ಮರ ಹತ್ತಬೇಡಿ. ಗುರುತಿಸಿ ತೋರಿಸುವುದು ನಿಮ್ಮ ಕೆಲಸ. ಆದರೆ ಒಂದು ಎಚ್ಚರ: ಸೀತಾಳೆ ದಂಡೆಯೂ ಮರದ ಮೇಲೇ ಬೆಳೆಯುತ್ತದೆ. ಅದು ತೊಗಟೆಯನ್ನು ಹಿಡಿದು ಕೂರುತ್ತದೆಯೇ ಹೊರತು ಮರದಿಂದ ಏನನ್ನೂ ಹೀರುವುದಿಲ್ಲ. ಅದನ್ನು ಕೀಳಿಸಬೇಡಿ.

ಹಾಗಾದರೆ ಬಂದಳಿಕೆ ಕಥೆಯ ರಾಕ್ಷಸನಂತೆ ಬರೀ ಕೆಟ್ಟದ್ದೇ? ಬದನಿಕೆ ಹಕ್ಕಿಗೆ ಅದರ ಹಣ್ಣೇ ಊಟ. ಸೂರಕ್ಕಿಗೆ ಅದರ ಮಕರಂದ ಬೇಕು. ಹಳದಿ ರೆಕ್ಕೆಗೆ ಕೆಂಪು ಬೊಟ್ಟಿಟ್ಟ ಜೆಜೆಬೆಲ್ ಚಿಟ್ಟೆ ಮೊಟ್ಟೆಯಿಡುವುದೂ ಅದರ ಎಲೆಯ ಮೇಲೆ. ಆದ್ದರಿಂದ ತೋಟದ ಮರಗಳನ್ನು ಕಾಪಾಡಿಕೊಳ್ಳೋಣ. ಕಾಡಿನ ಬಂದಳಿಕೆಯನ್ನು ಹಕ್ಕಿ, ಚಿಟ್ಟೆಗಳಿಗೆ ಬಿಟ್ಟುಬಿಡೋಣ.

ಈ ವಾರದ ಕೆಲಸ: ಶಾಲೆಯ ದಾರಿಯಲ್ಲಿರುವ ಹತ್ತು ಮರಗಳನ್ನು ನೋಡಿ. ಎಷ್ಟರಲ್ಲಿ ಬಂದಳಿಕೆ ಇದೆ, ಯಾವ ಮರದಲ್ಲಿ ಹೆಚ್ಚು? ಬರೆದಿಟ್ಟುಕೊಂಡು ಮನೆಯವರಿಗೂ ತೋರಿಸಿ.