ಗೋದಲಿ ಯಾರ ಅಂಗಳದಲ್ಲಿ?

ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್‌ನಲ್ಲಿ ಪಾಟಕೆಟ್ ಎಂಬ ಹಳೆಯ ಗಿರಣಿ ಪಟ್ಟಣವಿದೆ. ಅಲ್ಲಿನ ಪೇಟೆಯ ನಡುವಿನ ಒಂದು ಪಾರ್ಕಿನಲ್ಲಿ ಡಿಸೆಂಬರ್ ಬಂತೆಂದರೆ ನಗರಾಡಳಿತವೇ ಕ್ರಿಸ್‌ಮಸ್ ಅಲಂಕಾರ ಮಾಡಿಸುತ್ತಿತ್ತು. ಸಾಂಟಾ ಕ್ಲಾಸನ ಮನೆ, ಅವನ ಗಾಡಿ ಎಳೆಯುವ ಹಿಮಸಾರಂಗಗಳು, ಕ್ರಿಸ್‌ಮಸ್ ಮರ, ಹಾಡುಗಾರರ ಗೊಂಬೆಗಳು, ಕೋಡಂಗಿ, ಆನೆ, ಟೆಡ್ಡಿ ಕರಡಿ, ನೂರಾರು ಬಣ್ಣದ ದೀಪ, ಹಬ್ಬದ ಶುಭಾಶಯ ಕೋರುವ ದೊಡ್ಡ ಬ್ಯಾನರ್. ಇವೆಲ್ಲದರ ನಡುವೆ ಒಂದು ಗೋದಲಿ: ಹಸುಗೂಸು ಯೇಸು, ಮರಿಯ, ಜೋಸೆಫ್, ದೇವದೂತರು, ಕುರುಬರು, ಅರಸರು, ದನಕುರಿ. ಐದಂಗುಲದಿಂದ ಐದಡಿವರೆಗಿನ ಗೊಂಬೆಗಳು. ಪಾರ್ಕು ಒಂದು ಖಾಸಗಿ ಸಂಸ್ಥೆಯದು, ಆದರೆ ಗೊಂಬೆಗಳು ನಗರಾಡಳಿತದವು. 1973ರಲ್ಲಿ ಅದು ಅವನ್ನು 1,365 ಡಾಲರ್ ಕೊಟ್ಟು ಕೊಂಡಿತ್ತು. ವರ್ಷಕ್ಕೊಮ್ಮೆ ಜೋಡಿಸಿ ಬಿಚ್ಚಿಡಲು ತಗಲುತ್ತಿದ್ದ ಖರ್ಚು ಸುಮಾರು 20 ಡಾಲರ್.

ಊರಿನ ಕೆಲವರು ಮತ್ತು ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ಸೇರಿ ಇದನ್ನು ಕೋರ್ಟಿಗೆ ಒಯ್ದರು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ, ಯಾರ ಧರ್ಮಾಚರಣೆಗೂ ಅಡ್ಡ ಬರುವಂತಿಲ್ಲ ಎನ್ನುವುದು ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿಯ ಮಾತು. ಕೆಳಗಿನ ಎರಡು ಕೋರ್ಟುಗಳು ಗೋದಲಿ ತೆಗೆಯಿರಿ ಎಂದವು. 1984ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಇರಲಿ ಎಂದಿತು. ಲಿಂಚ್ ವಿರುದ್ಧ ಡಾನೆಲಿ ಎಂದು ಹೆಸರಾದ ಈ ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಇಡೀ ಹಬ್ಬದ ಸನ್ನಿವೇಶದಲ್ಲಿ ನೋಡಿದರೆ ಗೋದಲಿ ಹಬ್ಬದ ಮೂಲವನ್ನು ತೋರಿಸುತ್ತದೆ ಅಷ್ಟೆ, ಅದರಿಂದ ಸರ್ಕಾರ ಧರ್ಮಪ್ರಚಾರ ಮಾಡಿದಂತಾಗದು ಎಂಬುದು ಅವರ ವಾದ.

ಈ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಹುಮತದ ಮಾತಲ್ಲ, ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಬರೆದ ಚಿಕ್ಕ ಭಿನ್ನಮತ. ನಗರಾಡಳಿತ ಗೆದ್ದಿದೆ ನಿಜ, ಆದರೆ ಗೆಲ್ಲುವುದಕ್ಕಾಗಿ ಅದು ಗೋದಲಿಯ ಅರ್ಥವನ್ನೇ ಬಿಟ್ಟುಕೊಟ್ಟಿದೆ ಎಂದರು ಅವರು. ದೇವರು ಮನುಷ್ಯನಾಗಿ ಬಂದ ಎಂದು ನಂಬುವವರ ಪಾಲಿಗೆ ಅತಿ ಪವಿತ್ರವಾದ ದೃಶ್ಯ ಅದು. ಅದನ್ನು ವ್ಯಾಪಾರದ ಹಂಗಾಮಿನ ಒಂದು ಅಲಂಕಾರ ಎಂದು ವಾದಿಸಿ ಉಳಿಸಿಕೊಂಡರೆ ಏನು ಉಳಿಯಿತು? ಅಲ್ಲಿ ನಿಂತ ಕ್ರೈಸ್ತ ಭಕ್ತನಿಗೆ ಅದರ ಅರ್ಥವನ್ನು ಬಾಯಿ ಬಿಟ್ಟು ಹೇಳಲು ಸಂಕೋಚ. ಬೇರೆ ಧರ್ಮದವನಿಗೆ ತಾನು ಹೊರಗಿನವನೆಂಬ ಅಳುಕು ಹಾಗೇ ಉಳಿಯಿತು.

ದಸರೆಯಲ್ಲಿ ನಮ್ಮ ಮನೆಗಳಲ್ಲಿ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಕ್ರಿಕೆಟ್ ಆಡುವ ಗೊಂಬೆಗಳನ್ನೂ ಇಡುತ್ತೇವೆ. ಅದು ಮನೆಮಂದಿಯ ಸಂಭ್ರಮ, ಯಾರ ತಕರಾರೂ ಇಲ್ಲ. ಆದರೆ ಕ್ರಿಕೆಟ್ ಗೊಂಬೆಗಳು ಪಕ್ಕದಲ್ಲಿವೆ ಎಂಬ ಕಾರಣಕ್ಕೇ ಪಟ್ಟದ ಗೊಂಬೆಗೆ ಪರವಾನಗಿ ಕೊಟ್ಟಿದ್ದೇವೆ ಎಂದು ಒಂದು ಕೋರ್ಟು ಹೇಳಿದರೆ, ಗೊಂಬೆ ಕೂರಿಸಿದವಳಿಗೆ ಆಗುವ ನೋವನ್ನು ಊಹಿಸಬಹುದು.

ಐದು ವರ್ಷದ ನಂತರ, 1989ರಲ್ಲಿ, ಪಿಟ್ಸ್‌ಬರ್ಗ್‌ನಿಂದ ಇನ್ನೊಂದು ಮೊಕದ್ದಮೆ ಬಂತು. ಅಲೆಘೆನಿ ಕೌಂಟಿಯ ಕೋರ್ಟ್ ಕಟ್ಟಡದಲ್ಲಿ ಭವ್ಯವಾದ ಕಲ್ಲಿನ ಮೆಟ್ಟಿಲಸಾಲಿದೆ. ಒಂದು ಕ್ಯಾಥೊಲಿಕ್ ಸಂಘ ಅಲ್ಲಿ ಗೋದಲಿ ಇಟ್ಟಿತ್ತು. ಮೇಲೆ ದೇವದೂತ, ಅವನ ಕೈಯಲ್ಲಿ ದೇವರಿಗೆ ಮಹಿಮೆ ಸಲ್ಲಿಸುವ ಲ್ಯಾಟಿನ್ ಬರಹ, ಸುತ್ತ ಕೆಂಪು ಹೂವಿನ ಕುಂಡಗಳು. ಸ್ವಲ್ಪ ದೂರದ ಇನ್ನೊಂದು ಸರ್ಕಾರಿ ಕಟ್ಟಡದ ಮುಂದೆ 45 ಅಡಿಯ ಕ್ರಿಸ್‌ಮಸ್ ಮರ, ಅದರ ಪಕ್ಕ ಯಹೂದಿಗಳ ಹನುಕ್ಕಾ ಹಬ್ಬದ 18 ಅಡಿಯ ಮೆನೋರಾ ದೀಪಸ್ತಂಭ, ಜೊತೆಗೆ ಸ್ವಾತಂತ್ರ್ಯಕ್ಕೆ ನಮಿಸುವ ಮೇಯರ್ ಹೆಸರಿನ ಫಲಕ. ಕೋರ್ಟು ಗೋದಲಿ ಕೂಡದು ಎಂದಿತು, ಮೆನೋರಾ ಇರಬಹುದು ಎಂದಿತು. ಮೆಟ್ಟಿಲ ಮೇಲಿನ ಗೋದಲಿಯ ಸುತ್ತ ಅದರ ಧಾರ್ಮಿಕ ಸಂದೇಶವನ್ನು ತಗ್ಗಿಸುವಂಥದ್ದು ಏನೂ ಇರಲಿಲ್ಲ. ಮೆನೋರಾದ ಪಕ್ಕ ಮರವಿತ್ತು, ಫಲಕವಿತ್ತು. ಮುಖ್ಯ ಅಭಿಪ್ರಾಯ ಬರೆದವರು ಅದೇ ಬ್ಲ್ಯಾಕ್‌ಮನ್.

ಅಲ್ಲಿಂದ ಮುಂದೆ ಅಮೆರಿಕದ ವಕೀಲರ ಬಾಯಲ್ಲಿ ಪ್ಲಾಸ್ಟಿಕ್ ಸಾರಂಗದ ನಿಯಮ ಎಂಬ ಮಾತು ಹುಟ್ಟಿಕೊಂಡಿತು. ಗೋದಲಿಯ ಪಕ್ಕ ಎಷ್ಟು ಸಾರಂಗ, ಸಾಂಟಾ ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿ ಊರೂರಿನ ಆಡಳಿತಗಳು ಅಂಗಳ ಸಿಂಗರಿಸತೊಡಗಿದವು. ಇದರಲ್ಲಿ ಕ್ರೈಸ್ತ ಧರ್ಮಕ್ಕೆ ದೊರೆತ ಗೌರವ ಯಾವುದು ಎಂದು ನನಗೆ ಇಂದಿಗೂ ತಿಳಿದಿಲ್ಲ. ಅದೇ ಊರುಗಳಲ್ಲಿ ಚರ್ಚಿನ ಅಂಗಳಗಳಿವೆ. ಅಲ್ಲಿ ಯಾವ ಸಾರಂಗದ ಹಂಗೂ ಇಲ್ಲದೆ, ದೇವದೂತನ ಬರಹವನ್ನು ಎಷ್ಟು ದೊಡ್ಡ ಅಕ್ಷರದಲ್ಲಾದರೂ ಬರೆದು ಗೋದಲಿ ಇಡಬಹುದು. ಅದನ್ನು ತಡೆಯಲು ಯಾವ ಕೋರ್ಟಿಗೂ ಅಧಿಕಾರವಿಲ್ಲ, ಅದೇ ಸಂವಿಧಾನ ಅದಕ್ಕೆ ಕಾವಲು ನಿಂತಿದೆ.

ಧರ್ಮ ಮತ್ತು ಪ್ರಭುತ್ವದ ನಡುವೆ ಗೋಡೆ ಬೇಕೆನ್ನುವವರು ದೇವರಲ್ಲಿ ನಂಬಿಕೆ ಇಲ್ಲದವರು ಎಂಬ ಭಾವನೆ ಅಲ್ಲೂ ಇದೆ, ಇಲ್ಲೂ ಇದೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಪಾಟಕೆಟ್‌ಗೆ ಹೊಂದಿಕೊಂಡೇ ಇರುವ ಪ್ರಾವಿಡೆನ್ಸ್ ನಗರವನ್ನು 1636ರಲ್ಲಿ ಸ್ಥಾಪಿಸಿದವನು ರೋಜರ್ ವಿಲಿಯಮ್ಸ್ ಎಂಬ ಪಾದ್ರಿ. ಜನರ ಮನಸ್ಸಾಕ್ಷಿಯ ಮೇಲೆ ಸರ್ಕಾರದ ಅಧಿಕಾರ ನಡೆಯಕೂಡದು ಎಂದದ್ದಕ್ಕೆ ಮ್ಯಾಸಚೂಸೆಟ್ಸ್‌ನವರು ಅವನನ್ನು ಗಡಿಪಾರು ಮಾಡಿದ್ದರು. ಚರ್ಚಿನ ತೋಟಕ್ಕೂ ಲೋಕದ ಕಾಡಿಗೂ ನಡುವೆ ಬೇಲಿ ಬೇಕು ಎಂದು 1644ರಲ್ಲೇ ಬರೆದವನು ಅವನು. ಅವನಿಗಿದ್ದ ಭಯ ಕಾಡು ತೋಟಕ್ಕೆ ನುಗ್ಗುತ್ತದೆ ಎಂಬುದು. ಅಧಿಕಾರದ ಒಡನಾಟದಲ್ಲಿ ಭಕ್ತಿ ಕೆಡುತ್ತದೆ ಎಂದು ಅವನು ನಂಬಿದ್ದ.

ಅವನನ್ನು ಹೊರಹಾಕಿದ ಮ್ಯಾಸಚೂಸೆಟ್ಸ್‌ನ ಕಥೆ ಇನ್ನೂ ಸೋಜಿಗದ್ದು. ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಎಂದು ಅಲ್ಲಿನ ಆಳುವವರು 1659ರಲ್ಲಿ ಕಾನೂನು ಮಾಡಿದ್ದರು, 1681ರವರೆಗೆ ಅದು ಜಾರಿಯಲ್ಲಿತ್ತು. ಅವರೇನು ನಾಸ್ತಿಕರಲ್ಲ, ಕಟ್ಟಾ ಪ್ಯೂರಿಟನ್ ಕ್ರೈಸ್ತರು. ಬೈಬಲ್ಲಿನಲ್ಲಿ ಹೇಳದ ಹಬ್ಬ ಬೇಡ ಎಂಬುದು ಅವರ ನಿಲುವು. ಯಾವ ಹಬ್ಬ ಮಾಡಬೇಕೆಂದು ಹೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಯಾವುದು ಮಾಡಬಾರದೆಂದು ಹೇಳುವ ಅಧಿಕಾರವನ್ನೂ ಕೊಟ್ಟ ಹಾಗೆಯೇ.

ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಈ ಗೋಡೆಯ ಮಾತನ್ನು ಬರೆದದ್ದು 1802ರ ಜನವರಿ 1ರಂದು, ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಅಲ್ಲಿ ಬೇರೊಂದು ಪಂಥದ ಚರ್ಚಿಗೆ ರಾಜ್ಯದ ಬೆಂಬಲವಿತ್ತು, ಬ್ಯಾಪ್ಟಿಸ್ಟರು ಅಲ್ಪಸಂಖ್ಯಾತರು. ತಮ್ಮ ಪೂಜಾಸ್ವಾತಂತ್ರ್ಯ ಯಾರದೋ ದಯೆಯ ಭಿಕ್ಷೆಯಾಗಬಾರದು ಎಂದು ಅವರು ಪತ್ರ ಬರೆದಿದ್ದರು. ಅದಕ್ಕೆ ಬಂದ ಉತ್ತರ ಅದು. ಎರಡೇ ದಿನದ ನಂತರ ಜೆಫರ್ಸನ್ ಸಂಸತ್ತಿನ ಸಭಾಂಗಣದಲ್ಲೇ ನಡೆದ ಆರಾಧನೆಗೆ ಹೋಗಿ ಕುಳಿತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಗೋಡೆ ಕಟ್ಟಿದ ಕಾಲದಲ್ಲೂ ಅದರಲ್ಲಿ ಬಾಗಿಲುಗಳಿದ್ದವು. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ.

ಸರ್ಕಾರದ ಅಂಗಳವನ್ನು ಎಲ್ಲರಿಗೂ ತೆರೆದುಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಅದನ್ನೂ ನೋಡಿಯಾಗಿದೆ. ಓಹಾಯೊದ ಕೊಲಂಬಸ್‌ನಲ್ಲಿ ಶಾಸನಸಭೆಯ ಮುಂದಿನ ಚೌಕದಲ್ಲಿ ಕ್ರಿಸ್‌ಮಸ್ ಮರಕ್ಕೂ ಮೆನೋರಾಕ್ಕೂ ಜಾಗವಿತ್ತು. ಕರಿಯರನ್ನು ಕೊಂದ ಇತಿಹಾಸವುಳ್ಳ ಕು ಕ್ಲುಕ್ಸ್ ಕ್ಲಾನ್ ಬಂದು ನಮ್ಮ ಶಿಲುಬೆಗೂ ಜಾಗ ಕೊಡಿ ಎಂದಿತು. ಕೊಡಬೇಕು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕಡಲ ದಂಡೆಯ ಉದ್ಯಾನದಲ್ಲಿ ಸುಮಾರು ಅರವತ್ತು ವರ್ಷ ಗೋದಲಿಯ ದೃಶ್ಯಗಳ ಸಾಲು ಇರುತ್ತಿತ್ತು. 2011ರಲ್ಲಿ ಜಾಗಕ್ಕೆ ಪೈಪೋಟಿ ಬಂದು ಲಾಟರಿ ಎತ್ತಿದಾಗ ಹೆಚ್ಚಿನ ಜಾಗಗಳು ನಾಸ್ತಿಕರ ಪಾಲಾದವು. ಮರುವರ್ಷ ನಗರಾಡಳಿತ ಖಾಸಗಿ ಪ್ರದರ್ಶನಗಳನ್ನೇ ನಿಲ್ಲಿಸಿತು. ಅಯೋವಾದ ಶಾಸನಭವನದಲ್ಲಿ 2023ರ ಡಿಸೆಂಬರಿನಲ್ಲಿ ಸೇಟನಿಕ್ ಟೆಂಪಲ್ ಎಂಬ ಸಂಘಟನೆ ಗೋದಲಿಯ ಜೊತೆಗೆ ಆಡಿನ ತಲೆಯ ಮೂರ್ತಿ ಇಟ್ಟಿತು, ಒಬ್ಬಾತ ಬಂದು ಅದನ್ನು ಒಡೆದುಹಾಕಿದ. ಶಾಂತಿಯ ಹಬ್ಬ ಎನ್ನುವ ದಿನಗಳಲ್ಲಿ ಶಾಸನಭವನ ಜಿದ್ದಿನ ಅಖಾಡವಾಗಿದ್ದು ಹೀಗೆ.

ಈಗ ಸುಪ್ರೀಂ ಕೋರ್ಟಿನ ದಿಕ್ಕೇ ಬದಲಾಗಿದೆ. ಸರ್ಕಾರದ ನಡೆ ಕೆಲವರನ್ನು ಒಳಗಿನವರೆಂದೂ ಕೆಲವರನ್ನು ಹೊರಗಿನವರೆಂದೂ ಭಾವಿಸುವಂತೆ ಮಾಡುತ್ತದೆಯೇ ಎಂಬ ಕಸೋಟಿಯನ್ನು 1984ರ ತೀರ್ಪಿನಲ್ಲಿ ಕೊಟ್ಟವರು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್. ಪಾಟಕೆಟ್‌ನ ಗೋದಲಿ ಇರಲಿ ಎಂದವರಲ್ಲಿ ಅವರೂ ಒಬ್ಬರು, ಆದರೂ ಅವರು ಕೇಳಿದ ಪ್ರಶ್ನೆ ದೊಡ್ಡದು. ಮೇರಿಲ್ಯಾಂಡಿನ ಬ್ಲೇಡನ್ಸ್‌ಬರ್ಗ್‌ನಲ್ಲಿ ಮೊದಲ ಮಹಾಯುದ್ಧದ 49 ಸೈನಿಕರ ನೆನಪಿಗೆ ಎತ್ತಿದ 40 ಅಡಿಯ ಶಿಲುಬೆ ಸರ್ಕಾರದ ಜಾಗದಲ್ಲೇ ಇರಬಹುದು ಎಂದು 2019ರಲ್ಲಿ ತೀರ್ಪಾಯಿತು. 2022ರಲ್ಲಿ, ಮೈದಾನದ ನಡುವೆ ಪ್ರಾರ್ಥಿಸುತ್ತಿದ್ದ ಶಾಲಾ ಫುಟ್‌ಬಾಲ್ ಕೋಚ್ ಒಬ್ಬನ ಮೊಕದ್ದಮೆಯಲ್ಲಿ ಓಕಾನರ್ ಅವರ ಕಸೋಟಿಯನ್ನು ಕೋರ್ಟು ಕೈಬಿಟ್ಟಿತು. ಇನ್ನು ಇತಿಹಾಸ ಮತ್ತು ಪರಂಪರೆಯನ್ನು ನೋಡಿ ತೀರ್ಮಾನಿಸಬೇಕು ಎಂದಿತು. 2024ರಲ್ಲಿ ಲೂಯಿಸಿಯಾನಾ ರಾಜ್ಯ ಪ್ರತಿ ಸರ್ಕಾರಿ ಶಾಲೆಯ ತರಗತಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಕೆಂಟಕಿಯ ಇಂಥದ್ದೇ ಕಾನೂನು 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿತ್ತು. ಇತಿಹಾಸವೇ ಅಳತೆಗೋಲಾದರೆ, ಮೊದಲು ಬಂದು ಹೆಚ್ಚು ಸಂಖ್ಯೆಯಲ್ಲಿ ನೆಲೆಸಿದವರ ಗುರುತುಗಳಿಗೇ ಜಾಗ. ನಿನ್ನೆ ಮೊನ್ನೆ ಬಂದವರಿಗೆ ಆ ಅಳತೆಯಲ್ಲಿ ಪಾಲಿಲ್ಲ ಎಂಬುದೇ ನನ್ನ ಆತಂಕ.

ಹಾಗೆ ಬಂದವರಲ್ಲಿ ನಮ್ಮವರೂ ಇದ್ದಾರೆ. ಟೆಕ್ಸಾಸ್‌ನ ಶುಗರ್ ಲ್ಯಾಂಡ್‌ನಲ್ಲಿ 2024ರ ಆಗಸ್ಟ್‌ನಲ್ಲಿ 90 ಅಡಿಯ ಹನುಮನ ಮೂರ್ತಿ ಪ್ರತಿಷ್ಠಾಪನೆಯಾದಾಗ ಪ್ರತಿಭಟಿಸಿದವರಿದ್ದರು. ಮೂರ್ತಿ ನಿಂತಿರುವುದು ದೇವಸ್ಥಾನದ ಸ್ವಂತ ಜಾಗದಲ್ಲಿ. ಯಾರು ಎಷ್ಟು ಕೂಗಿದರೂ ಅದನ್ನು ತೆಗೆಸಲಾಗದು. ಅದಕ್ಕೆ ಕಾರಣ ಬ್ಯಾಪ್ಟಿಸ್ಟರು ಬೇಡಿ ಪಡೆದ ಅದೇ ಗೋಡೆ. ಅಮೆರಿಕದ ಕನ್ನಡ ಕೂಟಗಳಲ್ಲಿ ಯುಗಾದಿ, ಗಣೇಶನ ಹಬ್ಬ, ದೀಪಾವಳಿ ನಡೆಸುವವರೆಲ್ಲ ಆ ಗೋಡೆಯ ನೆರಳಿನಲ್ಲಿದ್ದಾರೆ.

ಭಾರತದ ಸಂವಿಧಾನದಲ್ಲಿ ಅಂಥ ಗೋಡೆಯಿಲ್ಲ. ನಮ್ಮಲ್ಲಿ ಮುಜರಾಯಿ ಇಲಾಖೆಯೇ ದೇವಸ್ಥಾನಗಳನ್ನು ನೋಡಿಕೊಳ್ಳುತ್ತದೆ, ಸರ್ಕಾರಿ ಕಚೇರಿಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಅಮೆರಿಕದ ನಿಯಮವನ್ನು ಹಾಗೇ ತಂದು ಇಲ್ಲಿ ನಡೆಸಲಾಗದು, ನಡೆಸಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ 2022ರ ಆಗಸ್ಟ್ 30ರಂದು ಒಂದೇ ದಿನ, ಗಣೇಶೋತ್ಸವದ ವಿವಾದದಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನದಲ್ಲಿ ಯಥಾಸ್ಥಿತಿ ಇರಲಿ ಎಂದಿತು, ಹೈಕೋರ್ಟಿನ ಧಾರವಾಡ ಪೀಠ ರಾತ್ರಿ ವಿಚಾರಣೆ ನಡೆಸಿ ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಗಣೇಶನನ್ನು ಕೂರಿಸಬಹುದು ಎಂದಿತು. ಹುಬ್ಬಳ್ಳಿಯ ಜಾಗ ಪಾಲಿಕೆಯದು ಎಂಬುದು ಅಲ್ಲಿ ಮುಖ್ಯವಾಯಿತು. ಜಾಗದ ಒಡೆತನದ ಪ್ರಶ್ನೆಗೆ ಕಾನೂನು ಉತ್ತರ ಹೇಳುತ್ತದೆ. ಅಲ್ಲಿ ವರ್ಷಕ್ಕೆರಡು ಬಾರಿ ನಮಾಜಿಗೆ ಸೇರುವವರು ಓಕಾನರ್ ಅವರ ಪ್ರಶ್ನೆಯನ್ನು ಕೇಳಿದರೆ ಅವರಿಗೆ ಉತ್ತರ ಹೇಳಬೇಕಾದವರು ಊರಿನವರು.

ಅಮೆರಿಕದ ಯಹೂದಿಗಳಲ್ಲಿ ಈ ಚರ್ಚೆ ಮನೆಯೊಳಗೇ ನಡೆದಿದೆ. ಚಾಬಾದ್ ಪಂಥದವರು 1974ರಿಂದ ಸಾರ್ವಜನಿಕ ಜಾಗಗಳಲ್ಲಿ ಮೆನೋರಾ ಹಚ್ಚುತ್ತ ಬಂದರೆ, ಅಮೆರಿಕನ್ ಜ್ಯೂಯಿಷ್ ಕಾಂಗ್ರೆಸ್‌ನಂಥ ಸಂಸ್ಥೆ ಅದನ್ನು ವಿರೋಧಿಸಿತು. ಇಂದು ನಮ್ಮ ದೀಪಕ್ಕೆ ಸರ್ಕಾರದ ಮೆಟ್ಟಿಲು ಕೇಳಿದರೆ ನಾಳೆ ಅಲ್ಲಿ ಏಳುವ ಶಿಲುಬೆಯನ್ನು ಬೇಡವೆನ್ನುವುದು ಹೇಗೆ ಎಂಬುದು ವಿರೋಧಿಸಿದವರ ಚಿಂತೆ. ದೀಪಾವಳಿಗೆ ಪೆನ್ಸಿಲ್ವೇನಿಯಾದಂಥ ರಾಜ್ಯಗಳ ಅಧಿಕೃತ ಮನ್ನಣೆ ಸಿಗುತ್ತಿರುವ ಈ ವರ್ಷಗಳಲ್ಲಿ ಆ ಚಿಂತೆ ನಮ್ಮವರ ಬಾಗಿಲಿಗೂ ಬರುತ್ತದೆ. ಸಿಟಿ ಹಾಲಿನ ಮುಂದೆ ಲಕ್ಷ್ಮಿಯನ್ನು ಕೂರಿಸಿ ಎಂದು ಯಾವುದಾದರೂ ಊರಿನ ಮೇಯರ್ ಪ್ರೀತಿಯಿಂದಲೇ ಕರೆದರೆ ಅಲ್ಲಿನ ಕನ್ನಡ ಕೂಟದವರು ಕೈಮುಗಿದು ಬೇಡವೆನ್ನಲಿ, ಮೇಯರನ್ನೂ ಅವರ ಮನೆಯವರನ್ನೂ ತಮ್ಮ ಹಾಲಿನಲ್ಲಿ ನಡೆಯುವ ಪೂಜೆಗೆ, ಊಟಕ್ಕೆ ಕರೆಯಲಿ ಎಂಬುದು ನನ್ನ ಆಸೆ.