ಫೋನಿನ್ಯಾಗ ಬರೆದದ್ದು, ಅಂಗಡ್ಯಾಗ ಅಳಿಸಿದ್ದು

ಕಳೆದ ವಾರ ಮಾಳಮಡ್ಡಿಯ ಒಂದು ಡಿಟಿಪಿ ಅಂಗಡ್ಯಾಗ ನಡೆದದ್ದು ಇದು. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಹಳ್ಳಿಯಿಂದ ಬಂದ ಒಬ್ಬ ಅಕ್ಕ ನನ್ನ ಜೋಡಿ ಇದ್ದಳು. ಬೋರ್‌ವೆಲ್ ಹತ್ರ ಹತ್ತು ಮಂದಿ ನಿಂತಾಗ ಒಬ್ಬಾಂವ ಆಕಿನ್ನ ಜಾತಿ ಹೆಸರು ಹಿಡಿದು ಬೈದಿದ್ದ. ಹಿಂದಿನ ರಾತ್ರಿ ಆಕಿ ಹೇಳ್ತಾ ಹೋದಂಗ ನಾನು ಫೋನಿನ್ಯಾಗ ಟೈಪ್ ಮಾಡಿದ್ದೆ, ಬೈದ ಪದ ಸಮೇತ. ಓದಿ ಹೇಳಿದಾಗ "ಹೌದ ತಮ್ಮಾ, ಹಿಂಗ ಅಂದಾನ" ಅಂದಳು. ಠಾಣೆಗೆ ಕಾಗದದ ಮ್ಯಾಲ ಕೊಡೋಣ ಅಂತ ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. "ಇದು ಯೂನಿಕೋಡ್ ಐತ್ರಿ, ನಮ್ಮ ಹಳೇ ಫಾಂಟಿಗೆ ಕೂಡಂಗಿಲ್ಲ" ಅಂತ ಅವರು ಮತ್ತೊಮ್ಮೆ ಹೊಡೆದರು.

ಪ್ರಿಂಟ್ ಕೈಗೆ ಬಂತು. "ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿದ್ದು ಇರುತ್ತದೆ."

"ಅಣ್ಣಾರ, ಬೈದ ಪದ ಎಲ್ಲಿ ಹೋತು?"

"ಅಂಥಾ ಪದ ಹೊಡೆಯಂಗಿಲ್ರಿ ಸರ್. ಎಲ್ಲಾ ಕಂಪ್ಲೇಂಟೂ ಹಿಂಗ ಇರ್ತಾವು."

ಆತ ಕೆಟ್ಟ ಮನುಷ್ಯ ಅಲ್ಲ. ರೂಢಿ ಪ್ರಕಾರ ಹೊಡೆದ. ಆದ್ರ ಆ ರೂಢಿಯೊಳಗ ಆಕಿಯ ಕೇಸೇ ಮಾಯ ಆಗಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಓದಿ ನೋಡ್ರಿ. ಕಲಂ 3(1)ರ ಎಸ್ ಖಂಡ ಹೇಳೋದು ಸಾರ್ವಜನಿಕರ ಎದುರು ಜಾತಿ ಹೆಸರಿನಿಂದ ಬೈಯುವುದರ ಬಗ್ಗೆ. 'ಅವಾಚ್ಯ ಶಬ್ದ' ಅಂದ್ರ ಯಾರು ಯಾರಿಗಾದ್ರೂ ಬೈದಿರಬಹುದು. ಜಾತಿ ಹೆಸರು ಬರೆದ್ರನ ಅದು ಜಾತಿ ನಿಂದನೆ. ಇನ್ನೊಂದು ಮಾತು: ಬಾಯಿಲೆ ಹೇಳಿದರೂ ಠಾಣಾಧಿಕಾರಿ ಅದನ್ನ ಬರೆಸಿಕೊಂಡು, ಓದಿ ಹೇಳಿ, ಸಹಿ ತಗೋಬೇಕು, ಪ್ರತಿಯನ್ನ ಪುಕ್ಕಟೆ ಕೊಡಬೇಕು ಅಂತ 1995ರ ನಿಯಮಗಳ 5ನೇ ನಿಯಮ ಹೇಳ್ತದ. ಓದಿ ಹೇಳಬೇಕು ಅಂತ ಯಾಕ ಇಟ್ಟಾರ? ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಆದಾಗ ನಡುವೆ ಏನೇನು ಉದುರುತ್ತದೆ ಅನ್ನೋದು ನಮಗಂತೂ ಗೊತ್ತೈತಿ.

ಕೆಲವು ಹಿರಿಯರು "ಫೋನಿನ್ಯಾಗ ಗೀಚೋದು ಬರಹ ಏನ್ರಿ?" ಅಂತಾರ. ಅವರಿಗೆ ನನ್ನ ಉತ್ತರ ಇಷ್ಟೇ. ನಮ್ಮಪ್ಪ ಸಾಲದ ಪತ್ರಕ್ಕ ಹೆಬ್ಬೆಟ್ಟು ಒತ್ತಿದಾಂವ, ಅದರಾಗ ಏನು ಬರೆದಾರ ಅನ್ನೋದು ಗೊತ್ತಿರಲಿಲ್ಲ. ನಾನೂ ಹೆಬ್ಬೆಟ್ಟೇ ಒತ್ತತೇನಿ, ಎರಡೂ ಕೈಯದು. ಆದ್ರ ಏನು ಬರೆದೇನಿ ಅಂತ ನನಗ ಗೊತ್ತು. ಯಾವ ಸಂಪಾದಕರನ್ನೂ ಕೇಳದೆ ನಮ್ಮ ಮಾತನ್ನ ನಾವೇ ಬರೆಯುವಂತೆ ಮಾಡಿದ್ದು ಈ ಫೋನು. ಅದಕ್ಕ ನಾಚಿಕೆ ಬ್ಯಾಡ.

ಆದ್ರ ಫೋನಿಗೂ ಮಿತಿ ಐತಿ. ಎರಡು ಪುಟ ಆಗೋದ್ರಾಗ ಹೆಬ್ಬೆರಳು ನೋಯ್ತಾವು. ಮೂರನೇ ಪ್ಯಾರಾ ಬರೆಯುವಾಗ ಮೊದಲನೇದು ಕಾಣಂಗಿಲ್ಲ. ಮಾತಾಡಿ ಬರೆಸೋಣ ಅಂದ್ರ ನಮ್ಮ ಧಾರವಾಡದ ಮಾತು ಅದಕ್ಕ ತಿಳಿಯಂಗಿಲ್ಲ, ಬ್ಯಾರೇನ ಬರೀತೈತಿ. ಪೋಸ್ಟ್ ಹಾಕಾಕ ಫೋನು ಸಾಕು. ದೂರು, ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ, ಪಿಎಚ್‌ಡಿ ಪ್ರಬಂಧ, ಇವಕ್ಕ ಕೀಬೋರ್ಡ್ ಬೇಕು. ಮತ್ತ ಆ ಕೀಬೋರ್ಡ್ ಇನ್ನೂ ಬ್ಯಾರೆಯವರ ಕೈಯಾಗ ಐತಿ.

ಅದೇನು ಬ್ರಹ್ಮವಿದ್ಯೆ ಅಲ್ಲ. ನುಡಿ ತಂತ್ರಾಂಶದಲ್ಲಿರೋದು ಕೆ.ಪಿ. ರಾವ್ ಅವರ ವಿನ್ಯಾಸದ ಆಧಾರದ್ದು. ಇಂಗ್ಲಿಷ್ ಕೀಬೋರ್ಡ್ ಮ್ಯಾಲೇ ನಡೀತೈತಿ. 'ದಲಿತ' ಅಂತ ಬರೆಯಾಕ ನಾಕೇ ಕೀಲಿ: ಡಿ, ಎಲ್, ಐ, ಟಿ. ನಡುವೆ ಎಫ್ ಒತ್ತಿದ್ರ ಒತ್ತಕ್ಷರ. ನಾನು ನಲವತ್ತು ದಾಟಿದ ಮ್ಯಾಲ ಕಲಿತೆ. ಎಫ್ ಎಲ್ಲಿ ಒತ್ತಬೇಕು ಅನ್ನೋದು ಬೆರಳಿಗೆ ಬರಾಕ ಸ್ವಲ್ಪ ದಿನ ಹಿಡೀತು, ಅಷ್ಟೇ. ಕಂಪ್ಯೂಟರ್ ಇಲ್ಲದಿದ್ರ ಓಟಿಜಿ ಹಾಕಿ ಫೋನಿಗೇ ಕೀಬೋರ್ಡ್ ಜೋಡಿಸಬಹುದು. ಕನ್ನಡ ವಿನ್ಯಾಸ ಇರುವ ಆ್ಯಪ್ ಸಿಗತೈತೇನು ಅಂತ ಮೊದಲು ನೋಡಿಕೊಳ್ರಿ. ಬರೆಯೋದು ಯೂನಿಕೋಡ್‌ನಲ್ಲೇ ಇರಲಿ. ಆಗ ಮತ್ತೊಮ್ಮೆ ಹೊಡೆಯುವ ಮಾತೇ ಬರಂಗಿಲ್ಲ, ಹೊಡೆಯುವಾಗ ಪದ ಬಿಡುವ ಮಾತೂ ಬರಂಗಿಲ್ಲ.

ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ತಂದಾಗ ಅದರ ಜಾಹೀರಾತನ್ನ ದುಡ್ಡು ಕೊಡ್ತೇವಿ ಅಂದ್ರೂ 'ಕೇಸರಿ' ಹಾಕಲಿಲ್ಲ. 1927ರಲ್ಲಿ ಅವರು ಮತ್ತ 'ಬಹಿಷ್ಕೃತ ಭಾರತ' ತಂದರು. ನಮ್ಮ ಮಾತು ಅಚ್ಚಾಗಬೇಕಂದ್ರ ಅಚ್ಚಿನ ಕೆಲಸ ನಮ್ಮ ಕೈಯಾಗ ಇರಬೇಕು ಅನ್ನೋದು ಅವರಿಗೆ ನೂರು ವರ್ಷದ ಹಿಂದೆಯೇ ತಿಳಿದಿತ್ತು.

ಅದಕ್ಕ ಎರಡು ಬೇಡಿಕೆ. ಸಮಾಜ ಕಲ್ಯಾಣ ಇಲಾಖೆಗೆ: ಪ್ರತಿ ಹಾಸ್ಟೆಲಿನ್ಯಾಗ ಕೆಲಸ ಮಾಡುವ ಕಂಪ್ಯೂಟರ್ ಇರಲಿ, ಬೀಗ ಹಾಕಿದ ಕೋಣ್ಯಾಗ ಅಲ್ಲ, ಹುಡುಗರ ಕೈಗೆ ಸಿಗುವಂಗ. ಕನ್ನಡ ಟೈಪಿಂಗ್ ಕಲಿಸ್ರಿ. ನಮ್ಮ ಸಂಘಟನೆಗಳಿಗೆ: ಪ್ರತಿ ತಾಲೂಕಿನ್ಯಾಗ ಕನ್ನಡ ಟೈಪಿಂಗ್ ಬರುವ ಇಬ್ಬರನ್ನ ತಯಾರು ಮಾಡೋಣ, ಅದರಾಗ ಒಬ್ಬಾಕಿ ಹೆಣ್ಣುಮಗಳು ಇರಲಿ. ಕೆಲವು ಬೈಗುಳ ಗಂಡಸರ ಮುಂದ ಹೇಳಾಕ ಬರಂಗಿಲ್ಲ.

ಅವತ್ತು ಏನಾತು ಅಂತ ಕೇಳ್ತೀರಿ. "ಅಣ್ಣಾರ, ಐದ ನಿಮಿಷ ಏಳ್ರಿ" ಅಂದು ಆ ಕುರ್ಚ್ಯಾಗ ನಾನೇ ಕುಂತೆ. ಬಿಟ್ಟ ಪದ ಸೇರಿಸಿ, ಹೊಸ ಪ್ರಿಂಟ್ ತೆಗೆದು ಓದಿ ಹೇಳಿದೆ. ಅಕ್ಕ "ಆ ಪದ ಎಲ್ಲೈತಿ, ತೋರಸು" ಅಂದಳು. ತೋರಿಸಿದೆ. ಅದರ ಮ್ಯಾಲ ಬೆರಳಿಟ್ಟು ನೋಡಿ, ಆಮೇಲೆ ಸಹಿ ಮಾಡಿದಳು.

ಜೈ ಭೀಮ್.