ರೇಖಾಚಿತ್ರದ ತಾರೀಖು ರೈತನಿಗೆ ತಿಳಿಯುವಂತಿರಲಿ

ಇಂದು ಮಳೆಯ ಲೆಕ್ಕವಾಗಲಿ, ಮಾರುಕಟ್ಟೆಯ ಧಾರಣೆಯಾಗಲಿ ಮೊಬೈಲ್ ಪರದೆಯ ಮೇಲೆ ರೇಖಾಚಿತ್ರವಾಗಿ ಬರುತ್ತಿದೆ. ರೇಖೆಯ ಏರಿಳಿತವನ್ನು ಎಲ್ಲರೂ ನೋಡುತ್ತೇವೆ. ಅದರ ಅಡಿಯಲ್ಲಿರುವ ತಾರೀಖಿನ ಸಾಲನ್ನು ಗಮನಿಸುವವರು ಕಡಿಮೆ. ಆದರೆ ಬಿತ್ತನೆ, ಮಾರಾಟಗಳ ನಿರ್ಧಾರ ನಿಂತಿರುವುದು ಈ ಸಾಲಿನ ಮೇಲೆಯೇ.

ಮೊದಲನೆಯದಾಗಿ, ತಾರೀಖಿನ ಕ್ರಮ. '5/6' ಎಂದರೆ ನಮಗೆ ಜೂನ್ 5. ಅಮೆರಿಕದ ಪದ್ಧತಿಯಲ್ಲಿ ಮೇ 6. ಒಂದು ರೋಹಿಣಿ ಮಳೆಯ ಕಾಲ, ಇನ್ನೊಂದು ಭರಣಿ ಮಳೆಯ ಕಾಲ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲಕ್ಕೆ ಎಡೆಯಿಲ್ಲ. ಜೊತೆಗೆ ಮಳೆ ನಕ್ಷತ್ರದ ಹೆಸರನ್ನೂ ಕೊಡುವುದು ಒಳಿತು. ಒಂದೊಂದು ಮಳೆಯ ಅವಧಿ 13-14 ದಿನಗಳಾದ್ದರಿಂದ ಸಾಲು ಕಿಕ್ಕಿರಿಯುವುದೂ ಇಲ್ಲ.

ಎರಡನೆಯದು, ದಿನಗಳ ಅಂತರ. ರಜೆಯ ದಿನ ಮಾರುಕಟ್ಟೆಯಲ್ಲಿ ಧಾರಣೆ ಇರುವುದಿಲ್ಲ. ವಹಿವಾಟು ನಡೆದ ದಿನಗಳನ್ನಷ್ಟೇ ಒತ್ತಾಗಿ ಜೋಡಿಸಿದರೆ, ನಾಲ್ಕು ದಿನಗಳಲ್ಲಿ ಇಳಿದ ಬೆಲೆ ಒಂದೇ ದಿನದಲ್ಲಿ ಕುಸಿದಂತೆ ಕಾಣುತ್ತದೆ. ಗಾಬರಿಯಿಂದ ಮಾಲು ಮಾರಿದವನಿಗೆ ನಷ್ಟವಾಗಬಹುದು. ದಿನ ಬಿಟ್ಟುಹೋದಲ್ಲಿ ಜಾಗವನ್ನೂ ಬಿಡಬೇಕು.

ಮೂರನೆಯದು, ಹೊತ್ತು. ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ಜೂನ್ 6ರ ಲೆಕ್ಕದಲ್ಲಿರುವ ಮಳೆ ಜೂನ್ 5ರ ಸಂಜೆಯೇ ಸುರಿದಿರಬಹುದು. ಇದನ್ನು ಚಿತ್ರದ ಅಡಿಯಲ್ಲಿ ಒಂದು ಮಾತಿನಲ್ಲಿ ಸೂಚಿಸತಕ್ಕದ್ದು.

ಇವು ಕಷ್ಟದ ಕೆಲಸಗಳಲ್ಲ. ಇಂಥ ಅನೇಕ ಚಿತ್ರಗಳು ಜಾವಾಸ್ಕ್ರಿಪ್ಟ್ ಎಂಬ ಗಣಕ ಭಾಷೆಯಲ್ಲಿ ಸಿದ್ಧವಾಗುತ್ತವೆ. ಚಾರ್ಟ್.ಜೆಎಸ್ ಎಂಬ ಉಚಿತ ಸಾಧನದಲ್ಲಿ ಅಡ್ಡ ಅಕ್ಷವನ್ನು 'ಟೈಮ್' ಬಗೆಯದೆಂದು ನಮೂದಿಸಿದರೆ ದಿನಗಳ ಅಂತರ ತಾನೇ ಸರಿಹೋಗುತ್ತದೆ. 'ಟಿಕ್ಸ್' ಭಾಗದಲ್ಲಿ 'ಕಾಲ್‌ಬ್ಯಾಕ್' ಎಂಬ ಸಣ್ಣ ಸೂತ್ರ ಬರೆದರೆ ಬೇಕಾದ ತಾರೀಖಿನ ಕೆಳಗೆ 'ರೋಹಿಣಿ', 'ಮೃಗಶಿರ' ಎಂದು ಮೂಡಿಸಬಹುದು. ಒಂದು ಎಚ್ಚರಿಕೆ ಅಗತ್ಯ: ಜಾವಾಸ್ಕ್ರಿಪ್ಟ್ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಅದಕ್ಕೆ ಜನವರಿ 0, ಜೂನ್ 5. ಇದನ್ನು ಮರೆತರೆ ಇಡೀ ಹಂಗಾಮು ಒಂದು ತಿಂಗಳು ಹಿಂದೆ ಮುಂದೆ ಆದೀತು.

ಓದು ಬಲ್ಲ ಯುವಕರಿಗೆ ಮಳೆ ನಕ್ಷತ್ರವೇಕೆ ಎಂದು ಕೆಲವರು ಕೇಳಬಹುದು. ತಾರೀಖನ್ನು ತೆಗೆಯಿರೆಂದು ನಾವು ಹೇಳುತ್ತಿಲ್ಲ, ಎರಡೂ ಇರಲಿ. ಮನೆಯ ಹಿರಿಯರ ಅನುಭವ ಮಳೆಯ ಹೆಸರಿನಲ್ಲಿದೆ, ಇಲಾಖೆಯ ಅಂಕಿ ಅಂಶ ತಾರೀಖಿನಲ್ಲಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಕಂಡಾಗ ಹೋಲಿಸಿ ನೋಡಲು ಸುಲಭ.

ನಿಮಗೆ ಮಾಹಿತಿ ಒದಗಿಸುವವರನ್ನು ಇಷ್ಟನ್ನು ಕೇಳಿರಿ. ಅಲ್ಲಿಯವರೆಗೆ, ರೇಖೆಯನ್ನು ನಂಬುವ ಮುನ್ನ ಅದರ ಅಡಿಯ ತಾರೀಖನ್ನು ಓದುವ ಅಭ್ಯಾಸವಿರಲಿ.